ಕಟ್ಟಿಗೆಯ ಕುಲ

ಕೌಲ್ ಬಜಾರಿನ ಒಳಗಲ್ಲಿ. ಮೇಲೆ ಜೀನ್ಸ್ ಹೊಲಿಯುವ ಮಿಷಿನ್ನು,
ಕೆಳಗೆ ನಮ್ಮ ಅಂಗಡಿ, ಬಾಗಿಲಿಗಿಂತ ತುಸು ಅಗಲ.
ಮೇ ತಿಂಗಳಲ್ಲಿ ಬ್ಯಾಂಡಿನವರು ಬರುತ್ತಿದ್ದರು
ಸೀಳಿದ ಕ್ಲಾರಿನೆಟ್ಟು ಟವೆಲಿನಲ್ಲಿ ಸುತ್ತಿಕೊಂಡು,
ಜ್ವರ ಬಂದ ಕೂಸನ್ನು ತಂದ ಹಾಗೆ.

‘ಬಳ್ಳಾರಿ ಬಿಸಿಲಿಗೆ ಗುಡ್ಡದ ಬಂಡೇನ ಬಿರೀತಾವ,
ಕಟ್ಟಿಗಿ ಯಾವ ಲೆಕ್ಕ’ ಅನ್ನುತ್ತಿದ್ದ ಹುಲುಗಪ್ಪ.
ಬಿರುಕಿನ ಎರಡೂ ತುದಿಗೆ ಪೆನ್ಸಿಲಿನ ಗೆರೆ,
ಕರಿಮರದ ಪುಡಿ, ಅಂಟು, ಒಂದು ರಾತ್ರಿ ದಾರದ ಬಿಗಿತ.
ಆಮೇಲೆ ಕೀಲಿಯ ಕೆಳಗೆ ಸಿಗರೇಟಿನ ಹಾಳೆ ಇಟ್ಟು
ಮೆಲ್ಲಗೆ ಎಳೆಯುವುದು. ಹಿಡಿದರೆ ಸರಿ,
ಜಾರಿದರೆ ಗಾಳಿ ಸೋರುತ್ತಿದೆ.
ಒಂದು ಬೀಡಿಯನ್ನೂ ಸೇದದವನ ಜೇಬಲ್ಲಿ ಸದಾ ಆ ಹಾಳೆ.
ಅವ್ವ ಮೊದಮೊದಲು ನಂಬಿರಲಿಲ್ಲ.

ಅವ್ವನ ಜೊತೆ ಸಿರುಗುಪ್ಪದಿಂದ ಬಂದಾಗ ನನಗೆ ಒಂಬತ್ತು.
ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ ನಾನು.
‘ಇಲ್ಲಿ ನೋಡ್ರಿ’ ಅಂದರೆ ಸಾಕಾಗುತ್ತಿತ್ತು.

ಗೋಡೆಯ ಮೇಲೆ ಹಳೇ ಕ್ಯಾಲೆಂಡರಿನ ಚಿತ್ರ,
ಯಾವುದೋ ದೇಶದ ಆರ್ಕೆಸ್ಟ್ರಾ, ಎಲ್ಲರೂ ಕರಿ ಕೋಟು.
ಸ್ಕ್ರೂಡ್ರೈವರಿನಿಂದ ನಡುಸಾಲು ತೋರಿಸುತ್ತಿದ್ದ:
ಕಟ್ಟಿಗಿ ಮಂದಿ ಇವ್ರು. ಕೊಳಲು, ಒಬೊ, ಕ್ಲಾರಿನೆಟ್ಟು,
ಅಗೋ ಆಳೆತ್ತರದ್ದು ಬಸೂನು, ಅದನ್ನ ನಾನೂ ಮುಟ್ಟಿಲ್ಲ.
ಸುರುವಾಗೂ ಮುಂಚೆ ಒಬೊ ಒಂದು ಸ್ವರ ಕೊಡ್ತೈತಿ,
ನೂರು ಮಂದಿ ಅದಕ್ಕ ಹೊಂದ್ಕೋಬೇಕು.
‘ಪಿಟೀಲಿನವ್ರೂನಾ?’
‘ನಗಾರಿಯವ್ರೂನೂ.’

ಆದರೆ ಚಿತ್ರದ ಕೊಳಲು ಬೆಳ್ಳಿಯದು.
ತುದಿಯಲ್ಲಿ ಕೂತ ಸ್ಯಾಕ್ಸೊಫೋನು ಪೂರಾ ಹಿತ್ತಾಳೆ.
‘ಇದ್ರಾಗ ಕಟ್ಟಿಗಿ ಎಲ್ಲೈತಿ?’
ಆವತ್ತು ನನ್ನ ಚೀಲದಲ್ಲಿ ಸಾಲಿಯ ಫಾರಂ ಇತ್ತು,
ಒಂದು ಕಾಲಂ ಖಾಲಿ.

ರಿಪೇರಿಗೆ ಬಂದ ಸ್ಯಾಕ್ಸೊಫೋನು ಮೊಳೆಗೆ ತೂಗುತ್ತಿತ್ತು.
ಅದರ ಬಾಯಿ ಬಿಚ್ಚಿ ರೀಡು ತೆಗೆದ,
ಉಗುರಿನಷ್ಟು ತೆಳ್ಳಗಿನ ಲಾಳದ ಚೂರು.
‘ನದೀ ದಂಡೀ ಗಿಡ ಇದು. ನಾಲಿಗ್ಯಾಗ ಹಸಿ ಮಾಡ್ಬೇಕು,
ಒಣಗಿದ್ರ ಕಿರಚ್ತೈತಿ.
ಮೈ ಯಾವುದರದ್ದಾರ ಇರಲಿ. ಇದು ನಡುಗಿದ್ರ ನಮ್ಮ ಪೈಕಿ.’

‘ಹಂಗಾರ ಕೊಳಲು? ಅದಕ್ಕ ರೀಡೂ ಇಲ್ಲ.’

ಹುಲುಗಪ್ಪ ತಲೆ ಕೆರೆದುಕೊಂಡ.
ಮೇಲೆ ಮಿಷಿನ್ನುಗಳು ಒಂದು ಪ್ಯಾಂಟಿನ ಉದ್ದ ಓಡಿ ನಿಂತವು.
‘ಅದು ಮೊದಲಿಂದ ಅಲ್ಲೇ ಕುಂತೈತಿ,’ ಅಂದ,
‘ಯಾರೂ ಎಬ್ಬಿಸಿಲ್ಲ.’

ಬಿರುಕಿಗೆ ಗೆರೆ ಎಳೆಯುವ ಪೆನ್ಸಿಲಿನಿಂದಲೇ ಫಾರಂ ತುಂಬಿದೆ.
ಮರುದಿನ ಮೇಷ್ಟ್ರು ಬೈದರು, ಪೆನ್ನಿನಲ್ಲಿ ಬರಿ ಅಂತ.
ಅದೇ ಹೆಸರಿನ ಮೇಲೆ ಮತ್ತೊಮ್ಮೆ ತಿದ್ದಿದೆ.
ಹುಲುಗಪ್ಪನ ‘ಪ್ಪ’ ಮಾತ್ರ ಸರಿಯಾಗಿ ಕೂರದೆ
ಎರಡೆರಡಾಗಿ ಕಾಣುತ್ತಿತ್ತು.