ಇಸ್ತಾಂಬುಲಿನ ಗೂಳಿ

ಜಿಮ್ಮಿನ ಹುಡುಗ ನಿಶ್ಮಿತ್ ಕೇಳಿದ, ಡಂಬೆಲ್ಲು ಕೆಳಗಿಡದೆ:
"ಮಾಮ, ನಿಮ್ಮ ಆ ಗೂಳಿ ಈಗ ಬಂದರೆ ಓಡುತ್ತಾನಾ?"
ಓಡುವುದೆಂದರೆ, ಸಿನಿಮಾ ಓಡಿದ ಹಾಗೆ.

ನಾನು ಜಟಕಾದಲ್ಲಿ ಕೂತು, ತಗಡಿನ ತುತ್ತೂರಿ ಬಾಯಿಗಿಟ್ಟು
ಹಂಪನಕಟ್ಟೆಯಿಂದ ಬಂದರಿನ ತನಕ ಕೂಗಿದವನು:
ಬಂದಿದ್ದಾನೆ ಇಸ್ತಾಂಬುಲಿನ ಗೂಳಿ!
ದಿನಕ್ಕೆರಡು ಕುರಿ! ಕನ್ನಡ ಬಾರದು, ಕರುಣೆ ಬಾರದು!
ಎರಡು ಕುರಿ ನನ್ನದೇ ಸೇರ್ಪಡೆ.
ಅವನು ಉಣ್ಣುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ, ಸುಟ್ಟ ಬಂಗುಡೆ.

ಹೆಸರು ವಾಮನ ತಿಂಗಳಾಯ.
ಬೋಳಾರದ ಹಂಚಿನ ಕಾರ್ಖಾನೆಯಲ್ಲಿ
ವಾರಕ್ಕೆ ಆರು ದಿನ ಮಣ್ಣು ಹೊರುತ್ತಿದ್ದ.
ಭಾನುವಾರ ಕೆಂಪು ಟೊಪ್ಪಿ, ಮಸಿಯಲ್ಲಿ ತೀಡಿದ ಮೀಸೆ;
ಮೈದಾನದ ನಡುವೆ ನಿಂತು ತೊಡೆ ತಟ್ಟಿದರೆ
ನಾಲ್ಕಾಣೆಯ ಸಾಲಿನಿಂದ ತೆಂಗಿನ ಚಿಪ್ಪು ಹಾರಿ ಬರುತ್ತಿತ್ತು.
ಬೈಗುಳವೆಲ್ಲ ಅರ್ಥವಾಗುತ್ತಿತ್ತು ಅವನಿಗೆ.
ಅರ್ಥವಾಗದ ಮುಖ ಹೊತ್ತು ನಿಲ್ಲುವುದು,
ಅದೇ ಅವನ ದೊಡ್ಡ ಪಟ್ಟು.

ಈಗ ಓಡುತ್ತಾನಾ?
ಬಾಯಿ ಬಿಡದವನಿಗೆ ಮೈಕು ಯಾರು ಕೊಡುತ್ತಾರೆ.
ಆ ಟೊಪ್ಪಿಯ ಮೇಲೆ ಯಾರಾದರೂ ದೂರು ಕೊಟ್ಟಾರು,
ಕೊಡಬೇಕಾದ್ದೇ ಇರಬಹುದು.
ಬೆವರಿಗೆ ಮೀಸೆ ಗಲ್ಲಕ್ಕಿಳಿದದ್ದನ್ನು
ಹತ್ತು ಮಂದಿ ದೊಡ್ಡದು ಮಾಡಿ, ನಿಲ್ಲಿಸಿ, ಮತ್ತೆ ನೋಡಿಯಾರು.
ಇಲ್ಲ, ಓಡಲಿಕ್ಕಿಲ್ಲ ಅನ್ನಬೇಕು,
ಅಷ್ಟರಲ್ಲಿ

ಆ ಸಂಜೆ.
ಗುರುಪುರದವನು ಅವನನ್ನೆತ್ತಿ ಒಗೆದ. ಎಡಭುಜ ಕಟ್ ಅಂತು.
ಬೇಲಿಯಾಚೆ ಮೀನಿನ ಬುಟ್ಟಿ ಇಟ್ಟು ಕೂತಿದ್ದ ಅವನ ಅಪ್ಪೆ, ಲಚ್ಚು,
ಎದ್ದು ನಿಂತು, ಇಡೀ ಮೈದಾನಕ್ಕೆ ಕೇಳುವ ಹಾಗೆ:
"ಬೇನೆ ಆಂಡಾ ಮಗಾ?"

ಎರಡು ಸಾವಿರ ಜನ. ತುಳು ಬಾರದವರು ಎಷ್ಟಿದ್ದಾರು?
ತುತ್ತೂರಿ ನನ್ನ ತೊಡೆಯ ಮೇಲೆ ತಣ್ಣಗೆ.
ಒಂದು ಗಳಿಗೆ ಕಡಲೆಕಾಯಿ ಸಿಪ್ಪೆಯ ಸದ್ದೂ ಇಲ್ಲ.
ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದ:
"ಹೋಗೋ, ಇಸ್ತಾಂಬುಲಿಗೇ ವಾಪಸ್ಸು ಹೋಗೋ ಗೂಳೀ!"
ಮೈದಾನವೇ ಎದ್ದು ಹೋ ಎಂದಿತು.
ಮಣ್ಣಿನಲ್ಲಿ ಮುಖವಿಟ್ಟು ಮಲಗಿದ್ದವನ
ಬೆನ್ನು ನಡುಗುತ್ತಿತ್ತು. ನಗುತ್ತಿದ್ದನೋ ಏನೋ.

ಸೋಮವಾರ ಕಾರ್ಖಾನೆಯ ಮೇಸ್ತ್ರಿ ಎಲಿಯ ಅಮ್ಮನ್ನ
ಅವನ ಕೈಯಿಂದ ಬುಟ್ಟಿ ತೆಗೆದು
ಹಂಚು ಎಣಿಸಲು ಕೂರಿಸಿದ. ಏನೂ ಕೇಳಲಿಲ್ಲ,
ಲೆಕ್ಕ ತಪ್ಪಿದಾಗಲೂ.

ನಿಶ್ಮಿತ್, ನೀನು ಕೇಳಿದ್ದು ಗೂಳಿಯನ್ನು.
ನನಗೆ ಆ ಹಿಂದಿನ ಸಾಲಿನವನು ಯಾರೆಂದು
ಇವತ್ತಿಗೂ ಗೊತ್ತಿಲ್ಲ.