ಬಲದವನ ಲೆಕ್ಕ

ಬೆತಿಮ್ ಧಕ್ಕೆಗೆ ಕಟ್ಟಿದ್ದರು ಅವಳನ್ನು:
ಸಾಂತ ಕ್ವಿತೇರಿಯಾ, ನಲವತ್ತೊಂದು ಅಡಿ,
ನೀರಿಗಿಳಿದದ್ದು ನನ್ನ ಮದುವೆಗಿಂತ ಮೂರು ವರ್ಷ ಮೊದಲು.
ಹೊಟ್ಟೆಯೊಳಗೆ ಎರಡು ಡೀಸೆಲ್ ಎಂಜಿನ್ನು
ಕೊಟ್ಟಿಗೆಯಲ್ಲಿ ಮಲಗಿದ ಎಮ್ಮೆಗಳ ಹಾಗೆ,
ಮೈತುಂಬ ಎಣ್ಣೆಯ ಬೆವರು.

ಕೊಳ್ಳಲು ಬಂದ ಲಿಬೋರಿಯೊ ಬಾಬು
ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಕೇಳಿದ:
"ಬೊಮ್ಮಯ್ಯ, ಗಂಟೆಗೆ ಎಷ್ಟು ಕುಡೀತದೆ?"

ಎಷ್ಟು ಅಂತ ಹೇಳಲಿ.
ಕುದುರೆಶಕ್ತಿ ಒಂದಕ್ಕೆ ಗಂಟೆಗೆ ಕಾಲು ಲೀಟರಿಗೂ ಚೂರು ಕಡಿಮೆ
ಅನ್ನುತ್ತದೆ ಪುಸ್ತಕ.
ಪುಸ್ತಕದ ಕುದುರೆಗೆ ವಯಸ್ಸಾಗುವುದಿಲ್ಲ,
ಅದರ ತಳಕ್ಕೆ ಚಿಪ್ಪು ಹತ್ತುವುದಿಲ್ಲ,
ಮನೆಗೆ ತಿರುಗುವ ಹೊತ್ತಿಗೇ
ಮಾಂಡವಿಯ ಇಳಿತ ಎದೆಗೆ ಬಂದು ನೂಕುವುದಿಲ್ಲ.

ನಕ್ಷೆಯ ಡ್ರಾಯರಿನಲ್ಲಿ ಸಿಕ್ಕಿತು ರುಜಾರನ ವಹಿ.
ಹೋದ ಮಳೆಗಾಲಕ್ಕೆ ತೀರಿಕೊಂಡ.
ಹನ್ನೊಂದು ವರ್ಷ, ಪ್ರತಿ ಸಲ ಧಕ್ಕೆಗೆ ಬಂದಾಗ
ಬಿದಿರ ಕಡ್ಡಿ ಇಳಿಸಿ ಅಳೆದಿದ್ದಾನೆ ಪುಣ್ಯಾತ್ಮ.
ಎಡ, ಎರಡು ಬೆರಳು. ಬಲ, ಎಂಟು ಬೆರಳು.
ಎಡ ಎರಡು. ಬಲ ಎಂಟೂವರೆ.
ಅಂಚಿನಲ್ಲಿ ಪೆನ್ಸಿಲು ಮುರಿಯುವಷ್ಟು ಒತ್ತಿ
ಕೊಂಕಣಿಯಲ್ಲಿ ಒಂದೇ ಮಾತು: ಬೆಬ್ದೊ.
ಕುಡುಕ.

ನಾನೂ ನಂಬಿದೆ.
ಎತ್ತು ಏರಿಗೆ, ಕೋಣ ನೀರಿಗೆ ಅಂತ ಗೊಣಗುತ್ತ
ಬಲದವನ ಇಂಜೆಕ್ಟರು ಆರೂ ಬಿಚ್ಚಿದೆ,
ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದೆ,
ಪಂಪನ್ನು ಮಗುವಿನ ಹಾಗೆ ಎತ್ತಿ ಪರ್ವರಿಯ ಅಂಗಡಿಗೆ ಒಯ್ದೆ.
ತಪ್ಪು ಸಿಗಲಿಲ್ಲ.
ಹೊಗೆ ಕೂಡ ಎಡದವನಿಗಿಂತ ತೆಳು.
ತಪ್ಪು ಸಿಗದಿದ್ದರೆ ಸಿಟ್ಟು ಇಳಿಯಬೇಕಲ್ಲ,
ನನಗೆ ಏರಿತು.

ಮೂರನೆಯ ಬೆಳಿಗ್ಗೆ ಎರಡೂ ಟ್ಯಾಂಕು ಕತ್ತಿನ ತನಕ ತುಂಬಿ
ಅಗ್ವಾದ ದಾಟಿದೆವು.
ಸುತ್ತು ಹದಿನಾಲ್ಕು ನೂರು, ವೇಗ ಎಂಟು ನಾಟು,
ಸರಿಯಾಗಿ ಎರಡು ಗಂಟೆ.
ಲಿಬೋರಿಯೊ ಎರಡು ಸಲ ವಾಂತಿ ಮಾಡಿದ, ಪಾಪ,
ಗಡಿಯಾರ ಮಾತ್ರ ಬಿಡಲಿಲ್ಲ.
ಬಂದು ಕ್ಯಾನಿನಿಂದ ಮತ್ತೆ ಕತ್ತಿಗೆ ತುಂಬಿಸಿದೆ, ಎಣಿಸುತ್ತ:
ಎಡಕ್ಕೆ ಹತ್ತು ಲೀಟರು.
ಬಲಕ್ಕೆ ನಲವತ್ತೆರಡು.

ಹತ್ತು?
ಅಷ್ಟು ದೊಡ್ಡ ಎಂಜಿನ್ನು ಎರಡು ಗಂಟೆಗೆ ಹತ್ತು ಲೀಟರಿನಲ್ಲಿ
ಸಮುದ್ರ ಉಳುವುದುಂಟೆ?
ಇಲ್ಲಿಯವರೆಗೆ ಯಾರೂ ಕುಡಿಯದವನನ್ನು ಸಂಶಯಪಡಲಿಲ್ಲ.

ಟಾರ್ಚು ಹಲ್ಲಿನಲ್ಲಿ ಕಚ್ಚಿ
ಹಲಗೆಯಡಿ ಹೊಟ್ಟೆಯ ಮೇಲೆ ತೆವಳಿದೆ.
ಡೀಸೆಲ್ ಪಂಪು ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತದೆ,
ಉರಿದು ಉಳಿದದ್ದು ಬಿಸಿಯಾಗಿ ಟ್ಯಾಂಕಿಗೆ ಮರಳುತ್ತದೆ.
ಬಲದವನಿಂದ ಹೊರಟ ಬೆರಳು ದಪ್ಪದ ತಾಮ್ರದ ಕೊಳವೆ
ಮುಟ್ಟಿ ನೋಡುತ್ತ ಹೋದೆ, ಇನ್ನೂ ಬೆಚ್ಚಗಿತ್ತು.
ನಡುದೂಲದಡಿ ನುಸುಳಿತು,
ನೀರಿನ ಟ್ಯಾಂಕನ್ನು ಬಳಸಿತು,
ಎಡದವನ ಟ್ಯಾಂಕಿನೊಳಗೆ ಇಳಿಯಿತು.

ಯಾವ ಕಾಲದಲ್ಲಿ ಯಾರು ಜೋಡಿಸಿದರೋ.
ಗಂಟೆಗೆ ಎಂಟು ಲೀಟರು
ಉಳಿಸಿ ಉಳಿಸಿ ಪಕ್ಕದವನಿಗೆ ಸುರಿಯುತ್ತಿದ್ದ.
ಇಬ್ಬರೂ ಕುಡಿಯುತ್ತಿದ್ದದ್ದು ಹದಿಮೂರು ಹದಿಮೂರು.
ಒಟ್ಟು ಲೆಕ್ಕ ಹನ್ನೊಂದು ವರ್ಷವೂ ಸರಿಯೇ ಇತ್ತು.
ಪಾಲು ತಪ್ಪಿತ್ತು.

ಅಲ್ಲೇ ಬಿದ್ದುಕೊಂಡಿದ್ದೆ ಸ್ವಲ್ಪ ಹೊತ್ತು.
ಅಂಕೋಲೆಯಲ್ಲಿ ಪಾಲಾದ ದಿನ
ಬೀರಣ್ಣನಿಗೆ ನಾನು ಅಂದ ಮಾತು ನೆನಪಾಯಿತು;
ಅವತ್ತು ಯಾವ ಕೊಳವೆಯನ್ನೂ ಮುಟ್ಟಿ ನೋಡಿರಲಿಲ್ಲ.

"ಸಿಕ್ಕಿತೇನೋ?" ಮೇಲಿನಿಂದ ಲಿಬೋರಿಯೊ.
ಸಿಕ್ಕಿತು, ಅಂದೆ. ಬರೆದುಕೋ.
ಎರಡೂ ಸೇರಿ ಗಂಟೆಗೆ ಇಪ್ಪತ್ತಾರು, ಈ ವೇಗಕ್ಕೆ.
ಗತ್ತಿಗೆಂದು ಲಿವರು ನೂಕಿದರೆ ಮೂರು ಪಟ್ಟು, ನನ್ನನ್ನು ಬೈಯಬೇಡ.
ಕಾರವಾರಕ್ಕೆ ನಲವತ್ತೈದು ಮೈಲಿ, ಆರು ಗಂಟೆ ಹಿಡಿ:
ನೂರೈವತ್ತಾರು ಹೋಗಲಿಕ್ಕೆ, ಅಷ್ಟೇ ಬರಲಿಕ್ಕೆ,
ಇನ್ನೊಂದು ಅಷ್ಟು ಯಾರನ್ನೂ ಕೇಳದ ಗಾಳಿಗೆ.

ಬೆಬ್ದೊ ಅನ್ನುವುದನ್ನು ಅಳಿಸಲು ನೋಡಿದೆ.
ರುಜಾರ್ ಒತ್ತಿದ್ದ ಗುರುತು ಕಾಗದದಲ್ಲಿ ಕುಳಿಬಿದ್ದು ಉಳಿಯಿತು.
ಅದರ ಕೆಳಗೆ ಕನ್ನಡದಲ್ಲಿ
ಇವತ್ತಿನ ತಾರೀಕು ಹಾಕಿ ಬರೆದೆ:
ಎಡ, ಹದಿಮೂರು. ಬಲ, ಹದಿಮೂರು.
ಕೊಳವೆ ಬದಲಿಸಬೇಕು.