ಪಾತಾಳಗರಡಿ

ಗಂಜಾಮಿನ ಕಡೇ ಬೀದಿ, ಅಳಸಿಂಗಯ್ಯನವರ ಮನೆ.
ಬಾಗಿಲಿಗೆ ಮೂರು ಬೀಗ, ಮೂರಕ್ಕೂ ತುಕ್ಕು.
ಕೊಳ್ಳಲು ಬಂದ ಬೆಲ್ಲದ ಮಂಡಿ ಸಿಂಗ್ರೇಗೌಡ
ಅಡ್ವಾನ್ಸಿಗೆ ಮೊದಲು ನನ್ನನ್ನು ಕರೆಸಿದ:
‘ಬಾವೀಲಿ ಹೆಣ್ಮಗಳ ಮೂಳೆ ಅದಂತೆ.
ತೆಗೆದುಕೊಡು. ಶಾಂತಿ ಆಗ್ಲಿ, ಆಮೇಲೆ ರಿಜಿಸ್ಟ್ರೇಷನ್ನು.’

ನನ್ನ ಬಳಿ ಇದ್ದದ್ದು ಅಪ್ಪನ ಪಾತಾಳಗರಡಿ.
ಊರವರ ಬಿಂದಿಗೆ ಎತ್ತಿ ಎತ್ತಿ
ಅದರ ಕೊಕ್ಕೆಗಳು ಮುದುಕರ ಬೆರಳಿನಂತೆ ಸೊಟ್ಟಗಾಗಿವೆ.
ದೆವ್ವಕ್ಕೆ ಎಷ್ಟು ಕೂಲಿ ಕೇಳಬೇಕೆಂದು
ಅಪ್ಪ ಹೇಳಿಕೊಟ್ಟಿರಲಿಲ್ಲ.

ಮೊದಲ ದಿನ ಬಾವಿಗಿಳಿಯಲಿಲ್ಲ, ಬೀದಿಗಿಳಿದೆ.
ಪಕ್ಕದ ಮನೆಯ ರಂಗನಾಯಕಮ್ಮ
ಕಿಟಕಿಯ ಸರಳು ಬಿಡದೆ ಹೇಳಿದರು:
ಕುಮುದವಲ್ಲಿ ಅಂತ. ಹದಿನೆಂಟು ತುಂಬಿರಲಿಲ್ಲ.
ಎಂಬತ್ತು ವರ್ಷದ ಮಾತು, ನಮ್ಮತ್ತೆ ಕಿವಿಯಾರೆ ಕೇಳಿದ್ದು,
ಕೋಳಿ ಕೂಗುವ ಮುಂಚೆ, ದಢುಂ ಅಂತ ಒಂದೇ ಸದ್ದು.
ಅಮಾವಾಸ್ಯೆಗೆ ಈಗಲೂ ರುಬ್ಬುತ್ತಾಳೆ,
ಗರಗರ, ಗರಗರ, ಯಾರ ಮನೆ ದೋಸೆಗೋ.
‘ಉದ್ದಿನಹಿಟ್ಟಿನ ವಾಸನೇನೂ ಬರುತ್ತೆ’ ಅಂದ ಹಾಲಿನ ಹುಡುಗ,
ಹುಟ್ಟಿ ಇನ್ನೂ ಹದಿನೈದು ವರ್ಷ ಆಗಿಲ್ಲ ಅವನಿಗೆ.

ಹೆಣ?
ಸಿಗಲಿಲ್ಲವಂತೆ. ಹೊಳೆಗೂ ಬಾವಿಗೂ ಒಳದಾರಿ ಇದೆಯಂತೆ.
ಹೂಳೆತ್ತಿಸಲಿಲ್ಲವೇ?
ಅಳಸಿಂಗಯ್ಯನವರೇ ಬೇಡ ಅಂದರಂತೆ.
ಹದಿಮೂರನೇ ದಿನ ಬೀದಿಗೆ ಬೀದಿಯೇ ವಡೆ ತಿಂದು ಎದ್ದಿತಂತೆ.

ಬೀಗ ಒಡೆದು ಅಡುಗೆಮನೆಗೆ ಹೋದೆ.
ಮೂಲೆಯಲ್ಲಿ ಒರಳು. ಗುಣಿಯಲ್ಲಿ ಹಲ್ಲಿಯ ಮೊಟ್ಟೆ.
ಗುಂಡು ಇರಲಿಲ್ಲ.
ಗುಂಡಿಲ್ಲದ ಒರಳಲ್ಲಿ
ದೆವ್ವಕ್ಕಾದರೂ ರುಬ್ಬಲು ಬರುತ್ತದೆಯೇ?
ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಬಂತು,
ಹಿತ್ತಲಲ್ಲಿ ತುಕ್ಕು ಹಿಡಿದ ರಾಟೆ ತಿರುಗಿತು.
ಗರಗರ.

ಎರಡು ದಿನ ಡೀಸೆಲ್ ಪಂಪು ಕೆಮ್ಮಿತು.
ಮೂರನೇ ದಿನ ಇಳಿದೆ.
ಏಳು ಬಿಂದಿಗೆ, ಕಿವಿ ಮುರಿದ ಒಂದು ತಪ್ಪಲೆ,
ಯಾವ ಮಗುವಿನದೋ ಮರದ ಬುಗುರಿ,
ಒಂದು ಕಾಲು ಸವೆದ ಇಡ್ಲಿ ಅಟ್ಟ.
ಅಂಜೂರದ ಬೇರು ಗೋಡೆ ಒಡೆದು ಬಂದು ನೀರು ಕುಡಿಯುತ್ತಿತ್ತು.
ಮೂಳೆ ಒಂದೂ ಇಲ್ಲ, ಕೋಳಿಯದೂ ಇಲ್ಲ, ಅಯ್ಯಂಗಾರರ ಬಾವಿ.

ಮೊಣಕಾಲುದ್ದದ ಹೂಳಿನ ತಳದಲ್ಲಿ ಕೊಕ್ಕೆಗೆ ಏನೋ ಕಚ್ಚಿತು.
ಗುಂಡುಕಲ್ಲು.
ಸುತ್ತ ಸೀರೆಯ ಬಣ್ಣವಿಲ್ಲದ ಚೂರು,
ನಡುವಿಗೆ ಕತ್ತದ ಹಗ್ಗ.
ಹಗ್ಗ ಮುಟ್ಟಿದರೆ ಹಿಟ್ಟು, ಗಂಟು ಮಾತ್ರ ಗಟ್ಟಿ.

ಆ ಗಂಟು ನನಗೆ ಗೊತ್ತು.
ಒಳಗಿಂದ ಎರಡು ಸುತ್ತು, ಎಡಕ್ಕೆ ಎಳೆದು ಬಿಗಿಯುವುದು.
ಹರಿಗೋಲನ್ನು ಗೂಟಕ್ಕೆ ಕಟ್ಟಲು
ಅಪ್ಪ ನನಗೆ ಕಲಿಸಿದ್ದು, ಅವನಿಗೆ ಅವನಪ್ಪ.
ಗಂಜಾಮಿನ ಯಾವ ಅಗ್ರಹಾರದಲ್ಲೂ ಅದನ್ನು ಕಲಿಸುವುದಿಲ್ಲ.

ಬಾವಿಯ ತಳದಲ್ಲಿ ಕೂತುಬಿಟ್ಟೆ.
ಮೇಲೆ ತಟ್ಟೆಯಷ್ಟು ಆಕಾಶ.
ಆ ಕಡೆ ದಡದಲ್ಲಿ ನಮ್ಮವರದು ಮೂವತ್ತು ಮನೆ.
ಅದರೊಳಗೆ ಒಂದು ಮನೆಯ ಅಜ್ಜಿ
ಸಾಯುವವರೆಗೂ ಮೀನು ಬೇಯಿಸಿದರೂ ತಿನ್ನಲಿಲ್ಲ.
ತವರೆಲ್ಲಿ ಅಂದರೆ ‘ಹೊಳೆ’ ಅನ್ನುತ್ತಿದ್ದಳು.
ಯಾವ ಮನೆ ಅಂತ ಕೇಳಬೇಡಿ.
ಓಡಿಹೋದ ಮಗಳಿಗಿಂತ ಬಾವಿಗೆ ಬಿದ್ದ ಮಗಳು ಮೇಲು
ಅಂತ ಮೊದಲು ಅಂದುಕೊಂಡದ್ದು
ಅಪ್ಪನೋ, ಮಗಳೋ? ಅದನ್ನು ಎತ್ತುವ ಕೊಕ್ಕೆ ನನ್ನಲ್ಲಿಲ್ಲ.

‘ಮೂಳೆ ಇಲ್ಲ ಗೌಡರೇ’ ಅಂದೆ.
ಅವನ ಮುಖ ಬಿತ್ತು.
ದೆವ್ವದ ಲೆಕ್ಕದಲ್ಲಿ ನಾಲ್ಕು ಲಕ್ಷ ಇಳಿಸಿದ್ದನಂತೆ.
‘ಈ ವಿಷ್ಯ ಬೀದೀಲಿ ಆಡಬೇಡ’ ಅಂತ
ಇನ್ನೂರು ರೂಪಾಯಿ ಹೆಚ್ಚು ಕೊಟ್ಟ.

ಸಂಜೆ ಹೊರಡುವ ಮುನ್ನ
ಗುಂಡನ್ನು ತೊಳೆದು, ಹೊತ್ತು ತಂದು, ಒರಳಿಗೆ ಕೂರಿಸಿದೆ.
ಸರಿಯಾಗಿ ಕೂತಿತು.
ಸುಮ್ಮನೆ ಒಂದು ಸುತ್ತು ತಿರುಗಿಸಿದೆ.

ಪಕ್ಕದ ಮನೆಯ ಕಿಟಕಿ
ಫಟ್ಟನೆ ಮುಚ್ಚಿಕೊಂಡಿತು.